ಬಿಲ್ಲೆ ಇಲ್ಲದ ಕರು

ತಕ್ವರೆಂಬೊದ ದೊಡ್ಡಿಯಲ್ಲಿ, ನವೆಂಬರಿನಲ್ಲಿ,
ಹಳದಿ ಬಿಲ್ಲೆಯವಕ್ಕೆ ಬಸಿಲಿಯೊನ ಚಾಕು,
ನೀಲಿಯವಕ್ಕೆ ಪಶುವೈದ್ಯೆ ನೊಯೆಲಿಯಳ ರಬ್ಬರು ಬಳೆ.
"ನನ್ನದು ಒಂದೇ ಕೂಗು, ಮಗಳೇ.
ನಿನ್ನದು ನಲವತ್ತು ದಿನದ ಗೊಣಗು."

ಚಾಕುವಿನವು ಮೂರು ದಿನ ಮೇವು ಮೂಸಲಿಲ್ಲ,
ನಾಲ್ಕನೆಯ ದಿನ ಏನೂ ಆಗಿಲ್ಲವೆಂಬಂತೆ ಹುಲ್ಲಿಗೆ ಬಿದ್ದವು.
ಬಳೆಯವು ಆವತ್ತೇ ಮೇದವು;
ಮೂರನೆಯ ವಾರ, ಒಣಗಿದ್ದು ಉದುರದೆ ಜೋತಾಡುವಾಗ,
ಹಿಂಗಾಲು ಝಾಡಿಸುತ್ತ ಬೇಲಿಗೆ ಒರಗಿ ನಿಂತವು.
ನೊಯೆಲಿಯ ಎಲ್ಲ ಬರೆದುಕೊಂಡಳು:
ದಿನಕ್ಕೆ ಎಂಟುನೂರು ಗ್ರಾಂ, ಐನೂರು,
ಒಂದು ಕಡೆ ಬರೀ ಸೊನ್ನೆ.

ಮಾರ್ಚಿಯಲ್ಲಿ ತಾಯಿಯಿಂದ ಬಿಡಿಸಿ ತೂಕಕ್ಕೆ ನಿಲ್ಲಿಸಿದರು.
ಹಳದಿ ನೂರ ಎಂಬತ್ತೆರಡು.
ನೀಲಿ ನೂರ ಎಂಬತ್ತೊಂದು.
ಕೈಕುಲುಕಲೂ ಆಗದ, ಜಗಳವಾಡಲೂ ಆಗದ
ಒಂದು ಕಿಲೋ.

ಕೊನೆಗೆ ಬಂದದ್ದಕ್ಕೆ ಬಿಲ್ಲೆಯೇ ಇಲ್ಲ;
ಆ ದಿನ ಹಳ್ಳದಾಚೆ ತಪ್ಪಿಸಿಕೊಂಡು
ಬೀಜದ ಸಮೇತ ಬೆಳೆದದ್ದು.
ಮುಳ್ಳು ತೂಗಾಡಿ ನಿಂತಿತು: ನೂರ ಎಂಬತ್ತೆರಡೇ.

"ಮತ್ತೆ ಇಷ್ಟು ದಿನ ಅದರ ಬೀಜ ಏನು ಮಾಡುತ್ತಿತ್ತು?"
ಬಾಗಿಲು ತೆರೆಯುವ ಹುಡುಗ ಕೇಳಿದ.
"ಇನ್ನೂ ಮೊಳೆತಿಲ್ಲ," ಎಂದ ಬಸಿಲಿಯೊ,
ಕಲ್ಲಿನ ಮೇಲೆ ಚಾಕು ಮಸೆಯುತ್ತ.

ಕರು ಕಟಕಟೆಯ ಸಂದಿನಿಂದ ನಾಲಿಗೆ ಚಾಚಿ
ಅವನ ಮೊಣಕೈಯ ಉಪ್ಪು ನೆಕ್ಕಿತು.