ಕಡವು ದಾಟುವಷ್ಟು ಹೊತ್ತು

ಲವೀನಾ ಮೇಡಂ ಇಟ್ಟ ಪರೀಕ್ಷೆಗೆ ಬೆಂಚಿಲ್ಲ, ಡೆಸ್ಕಿಲ್ಲ.
ಬಂದರಿನಿಂದ ಬೆಂಗ್ರೆಗೆ ಫೆರಿ ದಾಟುವಷ್ಟು ಹೊತ್ತು,
ಏಳು ನಿಮಿಷ, ಇಳಿತವಿದ್ದರೆ ಎಂಟು;
ಅಷ್ಟರಲ್ಲಿ ಪಕ್ಕ ಕೂತವರಿಗೆ
ನಿಮ್ಮ ಎರಡು ವರ್ಷದ ಸಂಶೋಧನೆ ಹೇಳಿ ಮುಗಿಸಿ.
ಅವರು ಎದ್ದು ಬೇರೆ ಕಡೆ ಕೂತರೆ ನೀವು ಫೇಲು.

ಕೊಣಾಜೆಯ ಗುಡ್ಡದ ಮೇಲೆ, ಹಾಸ್ಟೆಲಿನ ಗೋಡೆಗೆ ಮುಖ ಮಾಡಿ
ಹದಿನೈದು ಸಲ ಹೇಳಿಕೊಂಡಿದ್ದೆ.
ನಫೀಲಾ ಕೆಂಪು ಪೆನ್ನು ಹಿಡಿದು ಕೂತಿದ್ದಳು,
'ಪ್ರತಿಸ್ಪಂದಕರು' ಹೊಡೆದು 'ಹೆಂಗಸರು' ಮಾಡಿದಳು,
'ನಿದ್ರಾ ಗುಣಮಟ್ಟ' ಹೊಡೆದು 'ನಿದ್ದೆ'.
ಕೊನೆಗೆ ಉಳಿದದ್ದು ಇಷ್ಟೇ:
ಗಂಡ ಬೋಟಿನಲ್ಲಿ ಹೋದ ರಾತ್ರಿಗಳಲ್ಲಿ
ಹೆಂಡತಿಯ ನಿದ್ದೆ ಎಷ್ಟು ಸಲ ಒಡೆಯುತ್ತದೆ.
ಇದನ್ನು ತಿಳಿಯಲು ಎರಡು ವರ್ಷ ಬೇಕಾಯಿತಾ ಎಂದು
ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಫೆರಿ ಬಿಟ್ಟಿತು. ಡೀಸೆಲ್ ವಾಸನೆ, ಕಾಲಡಿ ಐಸಿನ ನೀರು,
ಪಕ್ಕದಲ್ಲಿ ವಾರಿಜಕ್ಕ, ಮೀನು ಮಾರಿ ಖಾಲಿಯಾದ ಬುಟ್ಟಿ,
ಬುಟ್ಟಿಯಲ್ಲಿ ಒಂದು ಕಟ್ಟು ಬಸಳೆ.
'ಅಕ್ಕ, ಒತ್ತಡದ ಬಗ್ಗೆ ಸ್ವಲ್ಪ ಮಾತಾಡಬಹುದಾ?'
'ಬಿಪಿಯಾ? ಮೊನ್ನೆ ವೆನ್ಲಾಕಿನಲ್ಲಿ ನೋಡಿಸಿದ್ದೇನೆ, ನಾರ್ಮಲ್ ಉಂಟು.'
'ಅಲ್ಲ, ಮನಸ್ಸಿನ...'
'ಮಂಡೆಬೆಚ್ಚವಾ? ಹಾಗೆ ಹೇಳು ಮಾರಾಯ್ತಿ.'
ಇಪ್ಪತ್ತೆಂಟು ಪುಟದ ಪರಿಭಾಷೆ
ನೀರಿಗೆ ಬಿದ್ದ ಸದ್ದು ನನಗೊಬ್ಬಳಿಗೇ ಕೇಳಿಸಿತು.

ಹೇಳಿದೆ. ನಲವತ್ತಾರು ಹೆಂಗಸರು.
ಸಂಜೆ ಗಂಡನ ಜೊತೆ ಫೋನಿನಲ್ಲಿ ಮಾತಾಡಿದವರು
ತುಸು ಹೆಚ್ಚು ಮಲಗಿದ್ದರು, ತುಸುವೇ.
ಮಾತಿನಿಂದ ನಿದ್ದೆ ಬಂತೋ,
ಕಡಲು ಸುಮ್ಮನಿದ್ದ ದಿನವೇ ಸಿಗ್ನಲ್ ಸಿಕ್ಕಿ
ಆ ಸುಮ್ಮನಿದ್ದ ಕಡಲಿಂದಲೇ ನಿದ್ದೆ ಬಂತೋ,
ನಮಗೆ ಗೊತ್ತಿಲ್ಲ.

'ಗೊತ್ತಿಲ್ಲ' ಅನ್ನುವಾಗ ನಾಲಿಗೆ ಒಣಗಿತು.
ಆ ಮಾತನ್ನು ನುಂಗಿದರೆ
ಅರ್ಧ ಅಂಕ ಕಳೆಯುತ್ತೇನೆ ಅಂದಿದ್ದರು ಮೇಡಂ.

ಅಷ್ಟರಲ್ಲಿ ಸುದ್ದಿ ನನಗಿಂತ ಮೊದಲೇ
ಫೆರಿಯ ಹಿಂತುದಿ ತಲುಪಿತ್ತು.
ಯೂನಿಫಾರ್ಮಿನ ಹುಡುಗನೊಬ್ಬ ಗೆಳೆಯನಿಗೆ:
'ಫೋನ್ ನೋಡಿದ್ರೆ ಒಳ್ಳೆ ನಿದ್ದೆ ಬರ್ತದಂತೆ,
ಯೂನಿವರ್ಸಿಟಿಯವರು ಕಂಡುಹಿಡಿದಿದ್ದಾರೆ. ಅಮ್ಮನಿಗೆ ಹೇಳ್ಬೇಕು.'
ಅನ್ಸಾಫ್ ಎದ್ದು, ಕಂಬ ಹಿಡಿಯುತ್ತಾ ಓಡಿದ
ತಿದ್ದಲಿಕ್ಕೆ. ಅವನ ವಿಷಯ ಬೇರೆ, ಮರೆವು;
ಅದನ್ನು ಹೇಳಲು ಅವತ್ತು ಮರೆತೇ ಬಿಟ್ಟ.

ವಾರಿಜಕ್ಕ ನನ್ನ ಮುಖವನ್ನೇ ನೋಡುತ್ತಿದ್ದರು.
'ಕಳೆದ ವರ್ಷ ಚೌತಿಯ ಹೊತ್ತಿಗೆ
ಅಂಗನವಾಡಿಯಲ್ಲಿ ಬರೆಸಿಕೊಂಡದ್ದು ನೀವೇ ಅಲ್ವಾ?
ಹಾಗಾದ್ರೆ ನಾನೂ ಇದ್ದೇನೆ ಅದರಲ್ಲಿ.'

ಬಂದದ್ದು ನಲವತ್ತೇಳು ಕಾಗದ.
ಏಳನೇ ಪ್ರಶ್ನೆ: ಕಳೆದ ವಾರ ಎಷ್ಟು ರಾತ್ರಿ ನಿದ್ದೆ ಕೆಟ್ಟಿತು?
ಒಂದರಲ್ಲಿ ಅಂಕೆ ಇರಲಿಲ್ಲ.
ಅಂಗನವಾಡಿ ಟೀಚರ ಗುಂಡಗಿನ ಅಕ್ಷರದಲ್ಲಿ
'ಗಾಳಿಯನ್ನು ಕೇಳಬೇಕು' ಅಂತ ಇತ್ತು.
ಎಕ್ಸೆಲ್ ಅದನ್ನು ತೆಗೆದುಕೊಳ್ಳಲಿಲ್ಲ.
'ಅಪೂರ್ಣ, ಕೈಬಿಡಲಾಗಿದೆ.' ಪುಟ ಮೂವತ್ತೊಂದರ ಅಡಿಟಿಪ್ಪಣಿ,
ಬರೆದವಳು ನಾನು.

ಜೆಟ್ಟಿ ಹತ್ತಿರವಾಗುತ್ತಿತ್ತು, ಹಗ್ಗ ಎಸೆಯುವವ ಎದ್ದು ನಿಂತಿದ್ದ.
'ನಿಮ್ಮದು ಬಿಟ್ಟೆವು ಅಕ್ಕ,' ಅಂದೆ. 'ಲೆಕ್ಕಕ್ಕೆ ಸಿಗಲಿಲ್ಲ.'
ಗೋಡೆಗೆ ಹೇಳಿದ್ದರಲ್ಲಿ ಇದು ಇರಲಿಲ್ಲ.
ಅವರು ಬಸಳೆಯ ಕಟ್ಟು ಸರಿಮಾಡಿದರು.
'ಸಿಗುವುದಿಲ್ಲ ಅದು,' ಅಂದರು,
'ನನಗೂ ಸಿಕ್ಕಿಲ್ಲ.'
ಎದ್ದು, ಬುಟ್ಟಿ ಸೊಂಟಕ್ಕಿಟ್ಟು, ಹಲಗೆಯ ಮೇಲಿಂದ ತಿರುಗಿ:
'ಬರೆದುಕೋ ಬೇಕಾದರೆ. ಮೊನ್ನೆ ಮಂಗಳವಾರ
ಚೆನ್ನಾಗಿ ಮಲಗಿದ್ದೆ.
ಯಾಕೆ ಅಂತ ಮಾತ್ರ ಕೇಳಬೇಡ.'

ವಾಪಸಿನ ಫೆರಿಯಲ್ಲಿ ಪಕ್ಕದ ಸೀಟು ಖಾಲಿ.
ಟಿಕೆಟಿನ ಹಿಂದೆ ಬರೆದೆ: ಮಂಗಳವಾರ, ಒಂದು.
ನೀರು ಇಳಿದಿತ್ತು,
ಎಂಟು ನಿಮಿಷ ಹಿಡಿಯಿತು.