ನಲವತ್ತೆಂಟನೇ ಪುಟ

ಗದಗಿನ್ಯಾಗ, ಜೋಳದ ಪೇಟಿ ಹಿಂದ,
ತಗಡಿನ ಚಪ್ಪರದ ಪ್ರೆಸ್ಸಿನ್ಯಾಗ
ನಾ ಒಬ್ಬ ಡ್ಯೂಕನ ವಂಶಾ ಜೋಡಿಸೇನಿ,
ಒಂದೊಂದ ಅಚ್ಚು ಹೆಕ್ಕಿ.
ಬಿ.ಎ. ಎರಡನೇ ವರ್ಷದ ಪುಸ್ತಕ. ಬರದವರು ಗಲಗಲಿ ಸರ್.
ಅವರ ಅಕ್ಷರ ಇರಿವಿ ಸಾಲು, ಅದೂ ಮಳಿಗೆ ಚದುರಿದ್ದು.

ಡ್ಯೂಕ ಅಂದ್ರ ಯಾರ್ರಿ ಸರ, ಅಂದೆ.
ರಾಜ ಅಲ್ಲೋ, ರಾಜನ ಕೆಳಗಿನಾಂವ,
ಆದ್ರ ರಾಜನ ಅವಗ ಅಂಜತಿದ್ದ, ಅಂದ್ರು.
ತಿಳೀತು. ನಮ್ಮ ಮಾಲಕರ ಭಾವನಂಗ.

ಹೆಸರು ಆಡಲ್‌ರಿಕ್.
ಮಸಿ ಹಚ್ಚೂ ಹುಡುಗ ದಾವಲ ಕೇಳಿದ,
"ಯಾರ ಬಂದಾರ, ಆಡ್ಲಿಕ್ಕ?"

ಡ್ಯೂಕಗ ಮೂರು ಮದಿವಿ.
ಮೊದಲನೇಕಿ ಎರಡು ಸೇತುವಿ ತಂದ್ಲು, ಒಂದು ಉಪ್ಪಿನ ಬಾವಿ.
ಎರಡನೇಕಿ ಒಂದು ಜಗಳಾ ತಂದ್ಲು, ಮೂವತ್ತು ವರ್ಷದ್ದು.
ಮೂರನೇಕಿ ಹನ್ನೆರಡರಾಕಿ.
ಏನ ತಂದ್ಲು, ಸರ್ ಬರದಿಲ್ಲ.
ಹಿರೇಮಗ ಅಪ್ಪನ ಮ್ಯಾಲೆ ದಂಡ ತಂದ.
ನಡುವಿನವನ್ನ ಮಠಕ್ಕ ಬಿಟ್ರು.

ಖರೇ ತ್ರಾಸು ಅಂದ್ರ ಯ-ಒತ್ತಿಂದು.
ಡ್ಯೂಕ್, ಡ್ಯೂಕ್, ರಾಜ್ಯ, ಸೈನ್ಯ, ಮತ್ತ ಡ್ಯೂಕ್.
ಕೇಸಿನ್ಯಾಗ ಇದ್ದದ್ದು ಒಂದ ಮುಟಗಿ,
ನಲವತ್ತಾರನೇ ಪುಟಕ್ಕ ಮನಿ ಬರಿದಾತು.
ಸರ್ ಒಪ್ಪಿದ್ರು. ಮುಂದ ಅಂವಾ 'ದೊರೆ',
ಒಂದೆರಡು ಕಡೆ ಬರೇ 'ಅವನು'.
ಏಳು ಕೋಟಿ ಮುರದಾಂವ
ಸೀಸದ ಕೊರತಿಗೆ ಪದವಿ ಕಳಕೊಂಡ.

ನಲವತ್ತೆಂಟನೇ ಪುಟದಾಗ ವಂಶವೃಕ್ಷ.
ಪುಸ್ತಕದಾಗ ಅದರ ಬೇರು ಮ್ಯಾಲೆ ಇರತೈತಿ.
ತಲಿಕೆಳಗ ಓದೂ ನನಗ ಅಜ್ಜ ಕೆಳಗ, ಮಕ್ಕಳು ಮ್ಯಾಲೆ,
ಗಿಡ ಬೆಳೀಬೇಕಾದಂಗ.
ವೃಕ್ಷದ ಕೆಳಗಿನ ಮಾತು ಒಂದು ಸಾಲು ಹೆಚ್ಚಾತು.

"ಇದನ್ನ ತಗೀರಿ" ಅಂದ್ರು, ಕೆಂಪು ಶಾಯಿ ಎಳದು:
*ಮೂರನೆಯದು ಹೆಣ್ಣು. ಹೆಸರು ತಿಳಿಯದು.
ಎರಡನೆಯ ಚಳಿಗಾಲ ಕಾಣಲಿಲ್ಲ.*
"ಪರೀಕ್ಷಾದಾಗ ಯಾರೂ ಕೇಳೂದಿಲ್ಲ."

ಬೆಟಗೇರಿಯ ನಮ್ಮ ಮನ್ಯಾಗ
ಮಗ್ಗದ ಕಂಬದ ಮ್ಯಾಲೆ ಅಪ್ಪ ಗೀರು ಹಾಕಿದ್ದ,
ಕೂಸಿಗೊಂದು ಗೀರು.
ನಾವು ಐದು ಮಂದಿ. ಗೀರು ಆರು.
ಸಣ್ಣಾಂವಿದ್ದಾಗ ಎಣಿಸಿ ಎಣಿಸಿ ಅವ್ವನ್ನ ಕೇಳಿದೆ.
ಆಕಿ ಕಂಡಿಕಿ ಸುತ್ತೂದು ನಿಲ್ಲಸಲಿಲ್ಲ.
"ಎಳಿ ಹರದಿತ್ತು, ಗಂಟ ಹಾಕಿ ನೇದ್ವಿ."
ಮುಂದ ಯಾರೂ ಕೇಳಲಿಲ್ಲ. ನಾನೂ.

ರಾತ್ರಿ ಕರೆಂಟ್ ಹೋಗಿತ್ತು.
ಕಂದೀಲದ ಬೆಳಕಿನ್ಯಾಗ ಚಿಮಟಾ ಹಿಡದು
ಸಾಲಿನ ನಡುವಿನ ಲೆಡ್ಡು ಒಂದೊಂದ ಎಳದೆ.
ಡ್ಯೂಕನ ಕೋಟಿ, ಸೇತುವಿ, ಮೂರು ಮದಿವಿ,
ಎಲ್ಲಾ ಒತ್ತಾಗಿ ಸರದು ಕುಂತ್ವು,
ಬಸ್ಸಿನ್ಯಾಗ ಬಸರಿಗೆ ಜಾಗಾ ಬಿಟ್ಟಂಗ.
ಕೂಸು ಬಂದು ಕುಂತ್ಲು.
ಆಕಿಗೆ ಒಂದೂ ಯ-ಒತ್ತು ಬೇಕಾಗಿರಲಿಲ್ಲ.

ಛಾಪಾದಾಗ ಸರ್ ನೋಡಿ ಸಿಟ್ಟಾದ್ರು.
"ಏನೋ, ಈ ಪುಟಕ್ಕ ಉಬ್ಬಸ ಹತ್ತಿದಂಗೈತಿ?"
"ಮನಿ ತುಂಬ ಮಂದಿರಿ ಸರ" ಅಂದೆ.
ಚಷ್ಮಾ ತಗದು ಒರಸಿಕೊಂಡ್ರು. ಓದಿದ್ರೋ ಇಲ್ಲೋ,
ಕೆಂಪು ಪೆನ್ನು ಮಾತ್ರ ಕಿಸೆದಾಗ ಉಳೀತು.

ಐನೂರು ಪ್ರತಿ. ಸೋಮವಾರ ಚಿಮಣಿ ಎಣ್ಣಿಲೆ ತೊಳದು
ಅಚ್ಚು ಬಿಚ್ಚಿದೆ, ಅವರವರ ಮನಿಗೆ ಕಳಿಸಿದೆ.
ಡ್ಯೂಕನ ಸೈನ್ಯದ ಯ-ಒತ್ತು
ಗಿರಣಿಯವರ ಮಗಳ ಕಲ್ಯಾಣಕ್ಕ ಹೋತು,
ರಾಜ್ಯದ್ದು ಸೌಭಾಗ್ಯವತಿಗೆ.
ಹೆಣ್ಣಿನ ಣ-ಒತ್ತು ಗಾಣದವರ ಎಣ್ಣಿ ಬಿಲ್ಲಿಗೆ.

ಹೆಸರು ತಿಳಿಯದು ಅನ್ನಾಕ
ಏಳು ಅಚ್ಚು ಸಾಕು,
ನಡುವ ಒಂದು ಖಾಲಿ ತುಂಡು.
ಅದಕ್ಕ ಮಸಿ ಹತ್ತೂದಿಲ್ಲ.
ತಗದು ನೋಡ್ರಿ, ಸಾಲು ನಿಲ್ಲೂದಿಲ್ಲ.