ಹೊಲಿಗೆಗೆ ಬಿಟ್ಟ ಬಟ್ಟೆ

ರೂವಿಯ ಗಲ್ಲಿಯಲ್ಲಿ ಹತ್ತೊಂಬತ್ತು ವರ್ಷದಿಂದ
ಕೊರಳಿಗೆ ಟೇಪು ಹಾಕಿಕೊಂಡವನು ನಾನು.
ದಿಶ್‌ದಾಶಕ್ಕೆ ಗೊಂಡೆ ಕಟ್ಟುವ ಕೈ.
ಯಾರ ಸೊಂಟ ಎಷ್ಟೆಂದು ಕೇಳಿ,
ಅವರು ಹೊಸ್ತಿಲು ದಾಟುವಾಗಲೇ ಹೇಳಿಬಿಡುತ್ತೇನೆ.

ನನ್ನದೇ ಪ್ಯಾಂಟನ್ನು ಆ ರಂಜಾನಿಗೆ ಒಂದಿಂಚು ಬಿಚ್ಚಿದೆ.
ಬಕ್ರೀದಿಗೆ ಇನ್ನೊಂದೂವರೆ.
"ಬಂತಲ್ಲ ಮಾರಾಯ, ನಿನಗೂ ಗಲ್ಫಿನ ಹೊಟ್ಟೆ!"
ಕೋಣೆಯ ಹಮೀದಾಕ ನಕ್ಕರು.
ಖುಬೂಸಿನ ಮೇಲೆ ತಪ್ಪು ಹೊರಿಸಿ ರಾತ್ರಿಯೂಟ ಬಿಟ್ಟೆ.
ಕ್ಲಿನಿಕ್ಕಿನವ ಗ್ಯಾಸ್ ಎಂದ, ಸಿರಪ್ ಕೊಟ್ಟ.
ಬೈಂದೂರಿನಿಂದ ವನಜ, ವೀಡಿಯೊ ಕಾಲಿನಲ್ಲಿ,
ಹೊಟ್ಟೆಯ ಮಾತೆತ್ತಲಿಲ್ಲ:
"ಕೆನ್ನೆ ಎಲ್ಲಿ ಹೋಯಿತು?"

ನೋವಿರಲಿಲ್ಲ. ಅದೇ ಅದರ ಕಪಟ.
ಮೂರನೆಯ ಸಲ ಬಿಚ್ಚಲು ಕೂತಾಗ
ಹೊಲಿಗೆಗೆ ಬಿಟ್ಟ ಬಟ್ಟೆಯೇ ಮುಗಿದಿತ್ತು.

"ಹೊಟ್ಟೆಯಲ್ಲಿ ಅಲ್ಲ, ಹೊಟ್ಟೆಯ ಹಿಂದೆ,"
ಸೂಡಾನಿನ ಡಾಕ್ಟರಮ್ಮ ಇಲ್ಹಾಮ್, ಮುರುಕು ಹಿಂದಿಯಲ್ಲಿ.
ನಾನು ಮಿಕಮಿಕ ನೋಡಿದೆ.
ಅವರು ತಮ್ಮ ಕೋಟಿನ ಅಂಚು ಮಡಿಚಿ ತೋರಿಸಿದರು.
ಓ, ಬಟ್ಟೆಗೂ ಅಸ್ತರಿಗೂ ನಡುವೆ!
ಅಲ್ಲಿ ಏನು ಸಿಕ್ಕಿಕೊಂಡರೂ ಹೊರಗೆ ಕಾಣದು,
ಮರೆತ ಸೂಜಿ ಕೂಡ.
ಕೊಬ್ಬಿನದೇ ಗಡ್ಡೆಯಂತೆ. ಕರುಳನ್ನು ಬಲಕ್ಕೆ ನೂಕಿ
ಎಡ ಮೂತ್ರಪಿಂಡವನ್ನು ತಬ್ಬಿ ಕೂತಿದೆಯಂತೆ.
ಲಕ್ಷಕ್ಕೊಬ್ಬರಿಗೆ ಬರುವುದೂ ಅಪರೂಪವಂತೆ.
ಲಾಟರಿಯಲ್ಲಿ ಒಂದು ರಿಯಾಲೂ ಹೊಡೆಯದವನಿಗೆ!

ಬೆನ್ನಿನಿಂದ ಸೂಜಿ ಹಾಕಿ ನೂಲಿನಷ್ಟು ತೆಗೆದರು.
ಹನ್ನೊಂದು ದಿನ, ಒಂದು ಕಾಜವೂ ನೆಟ್ಟಗೆ ಬೀಳಲಿಲ್ಲ.
ಆಮೇಲೆ ಹೆಸರು ಬಂತು, ನಾಲಿಗೆಗೆ ತೊಡರುವಂಥದ್ದು.
ಹಮೀದಾಕ ಅದನ್ನು ಬಿಲ್ ಪುಸ್ತಕದ ಹಿಂದೆ ಬರೆದಿಟ್ಟರು,
ಬಾಕಿ ಕೊಡಬೇಕಾದವರ ಪಟ್ಟಿಯ ಕೆಳಗೆ.

ಸರ್ಜನ್ ಅಂದರು: "ಗಡ್ಡೆಗೆ ಕತ್ತರಿ ತಾಗಿಸುವುದಿಲ್ಲ.
ಸುತ್ತ ಅಂಚು ಬಿಟ್ಟು ಇಡಿಯಾಗಿ ತೆಗೆಯುತ್ತೇವೆ.
ಮೂತ್ರಪಿಂಡವೂ ಜೊತೆಗೇ ಹೋಗುತ್ತದೆ."
ಇದನ್ನು ನನಗೆ ಬಿಡಿಸಿ ಹೇಳಬೇಕಿರಲಿಲ್ಲ.
ಗೆರೆಯ ಮೇಲೇ ಕತ್ತರಿ ಓಡಿಸುವವನು
ನಿನ್ನೆ ಸೇರಿದ ಹುಡುಗ.
"ನಿಮ್ಮ ಕತ್ತರಿ ಯಾವ ಕಂಪನಿಯದು?" ಎಂದೆ.
ಅವರಿಗೆ ನಗು, ನನಗೆ ನಿಜವಾಗಿ ಬೇಕಿತ್ತು.

ಏಳು ಗಂಟೆ.
ಆರೂಮುಕ್ಕಾಲು ಕಿಲೊ.
"ನಮ್ಮ ದೊಡ್ಡವನು ಹುಟ್ಟುವಾಗ ಮೂರೂ ಇರಲಿಲ್ಲ,"
ಎಂದ ವನಜ ಬಹಳ ಹೊತ್ತು ಫೋನಿಡಲಿಲ್ಲ,
ಮಾತೂ ಆಡಲಿಲ್ಲ.

ಎದೆಗೂಡಿನಿಂದ ಕೆಳಕ್ಕೆ ಈಗೊಂದು ಹೊಲಿಗೆ.
ಕೆಲಸ ಕೆಟ್ಟದ್ದಲ್ಲ. ಹೊಕ್ಕುಳ ಬಳಿ ತುಸು ಸುಕ್ಕು,
ನಾನಾದರೆ ಬಿಚ್ಚಿ ಮತ್ತೆ ಹಾಕುತ್ತಿದ್ದೆ.
ಅಂಚು ಶುದ್ಧವಿದೆ, ಒಂದು ಕಡೆ ಮಾತ್ರ
ಬೆನ್ನುಮೂಳೆಯ ಬಳಿ ಬಟ್ಟೆ ಸಾಲಲಿಲ್ಲ ಎಂದರು.
"ಇದು ಮರಳಿ ಬರುವ ಜಾತಿ, ಕಾಯೋಣ."
ನಾಲ್ಕು ತಿಂಗಳಿಗೊಮ್ಮೆ ಸ್ಕ್ಯಾನ್.

ಅದರ ಹಿಂದಿನ ರಾತ್ರಿ ಶಟರ್ ಎಳೆದು
ಅಂಗಿ ಬಿಚ್ಚಿ ಕನ್ನಡಿಯ ಮುಂದೆ ನಿಲ್ಲುತ್ತೇನೆ.
ಮೂವತ್ತಮೂರು. ಕಳೆದ ಸಲವೂ ಮೂವತ್ತಮೂರು.
ಟೇಪನ್ನು ಒಂದಿಷ್ಟು ಬಿಗಿಯಾಗಿಯೇ ಎಳೆದಿರುತ್ತೇನೆ;
ಗಿರಾಕಿಗೆ ಎಂದೂ ಹಾಗೆ ಮಾಡಿದವನಲ್ಲ.